ಬರೆದಿಟ್ಟದ್ದು ಮತ್ತು ಇರುವುದು: ಕಂಟೇನರ್, ಕ್ಲೌಡ್, ಸ್ವಯಂಚಾಲನೆ

(ತಂತ್ರಜ್ಞಾನ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಿಂದ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓಡುತ್ತಿರುವ ಯಾವುದೇ ಸರ್ವರಿನ ಬಗ್ಗೆ ಕೇಳಬಹುದಾದ ಅತ್ಯಂತ ಕಿರಿಕಿರಿಯ ಪ್ರಶ್ನೆ ಇದು: ಇದರೊಳಗೆ ಏನೇನಿದೆ, ಅದು ಯಾಕೆ ಹಾಗಿದೆ? ನಾಲ್ಕಾರು ವರ್ಷ ಓಡಿದ ಸರ್ವರಿನ ವಿಷಯದಲ್ಲಿ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬಲ್ಲವರು ವಿರಳ. ಯಾರೋ ಒಂದು ರಾತ್ರಿ ತುರ್ತಿನಲ್ಲಿ ಒಂದು ಕಡತ ತಿದ್ದಿರುತ್ತಾರೆ. ಇನ್ಯಾರೋ ಪರೀಕ್ಷೆಗೆಂದು ಲೈಬ್ರರಿಯೊಂದರ ಹಳೆಯ ಆವೃತ್ತಿಯನ್ನು ಹಾಕಿ ಹಾಗೇ ಬಿಟ್ಟಿರುತ್ತಾರೆ. ಇಬ್ಬರೂ ಕೆಲಸ ಬಿಟ್ಟು ಹೋಗಿಯಾಗಿದೆ. ಸರ್ವರ್ ಓಡುತ್ತಲೇ ಇದೆ, ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಮುಟ್ಟಲು ಎಲ್ಲರಿಗೂ ಭಯ.

ಕಂಟೇನರ್‌ಗಳ ನಿರ್ವಹಣೆ, ಕ್ಲೌಡ್ ಮೂಲಸೌಕರ್ಯದ ಸ್ವಯಂಚಾಲನೆ ಎಂದರೆ ಸಲಕರಣೆಗಳ ಹೆಸರು ಹೇಳುತ್ತ ಹೋಗುವುದು ಸುಲಭ. ಹೆಸರುಗಳಿಗೇನೂ ಬರವಿಲ್ಲ, ಆದರೆ ಅವುಗಳ ಪಟ್ಟಿ ಕೇಳಿ ಯಾರ ಕೆಲಸವೂ ಹಗುರವಾಗುವುದಿಲ್ಲ. ನಾನು ಒಂದೇ ಎಳೆ ಹಿಡಿದು ಹೋಗುತ್ತೇನೆ. ವ್ಯವಸ್ಥೆ ಹೇಗಿರಬೇಕು ಎಂದು ಬರೆದಿಡುವುದು. ಬರೆದಿಟ್ಟದ್ದನ್ನು ಇರುವುದರ ಜೊತೆ ಹೋಲಿಸಿ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು. ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಟ್ಟಿ ಓಡಿಸುವ ಕಂಟೇನರ್, ಹಲವು ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನೋಡಿಕೊಳ್ಳುವ ಕುಬರ್ನೆಟೀಸ್, ಕ್ಲೌಡ್ ಮೂಲಸೌಕರ್ಯವನ್ನು ಕೋಡ್‌ನಿಂದ ಕಟ್ಟುವ ಟೆರಾಫಾರ್ಮ್ ಎಲ್ಲವೂ ಈ ಒಂದೇ ಕೆಲಸದ ತುಂಡುಗಳು. ಇವುಗಳ ಲಾಭವೆಲ್ಲ ಇಲ್ಲಿಂದಲೇ ಬರುತ್ತದೆ, ಅಪಾಯವೂ ಇಲ್ಲಿಂದಲೇ.

ಕರ್ನಲ್ ಕಂಡ ಕಂಟೇನರ್

ಕಂಟೇನರ್ ಬಗ್ಗೆ ಮಾತಾಡುವವರು ಹಡಗಿನ ಮೇಲೆ ಪೇರಿಸಿದ ಉಕ್ಕಿನ ಪೆಟ್ಟಿಗೆಗಳ ಚಿತ್ರದಿಂದ ಶುರು ಮಾಡುವುದು ವಾಡಿಕೆ. ನಾನು ಆ ಚಿತ್ರ ತೋರಿಸುವುದಿಲ್ಲ. ಉಕ್ಕಿನ ಪೆಟ್ಟಿಗೆಗೆ ಗೋಡೆಗಳಿರುತ್ತವೆ. ಇಲ್ಲಿ ಅಂಥದ್ದೇನೂ ಇಲ್ಲ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮಟ್ಟಿಗೆ ಕಂಟೇನರ್ ಎಂಬ ಒಂದು ವಸ್ತುವೇ ಇಲ್ಲ. ಇರುವುದು ಸಾಮಾನ್ಯ ಪ್ರೊಸೆಸ್, ಅಂದರೆ ಓಡುತ್ತಿರುವ ಒಂದು ತಂತ್ರಾಂಶ. ಅದು ಏನನ್ನು ನೋಡಬಹುದು ಎಂಬುದಕ್ಕೆ ಒಂದು ಮಿತಿ, ಎಷ್ಟನ್ನು ಬಳಸಬಹುದು ಎಂಬುದಕ್ಕೆ ಇನ್ನೊಂದು ಮಿತಿ. ಮೊದಲನೆಯದನ್ನು ನೇಮ್‌ಸ್ಪೇಸ್‌ಗಳು ಹಾಕುತ್ತವೆ, ಎರಡನೆಯದನ್ನು ಸಿಗ್ರೂಪ್‌ಗಳು. ಕಂಟೇನರ್ ಓಡುತ್ತಿರುವ ಯಂತ್ರದಲ್ಲಿ ನೇರವಾಗಿ ಲಾಗಿನ್ ಆಗಿ ಪ್ರೊಸೆಸ್‌ಗಳ ಪಟ್ಟಿ ತೆಗೆದರೆ ಅದೂ ನೂರಾರು ಸಂಖ್ಯೆಗಳ ನಡುವೆ ಒಂದು ಸಂಖ್ಯೆಯಾಗಿ ಕಾಣುತ್ತದೆ. ಒಳಗಿನಿಂದ ನೋಡಿದರೆ ಅದೇ ಪ್ರೊಸೆಸ್‌ಗೆ ತಾನು ಸಂಖ್ಯೆ 1, ಇಡೀ ಯಂತ್ರವೇ ತನ್ನದು ಎಂಬ ಭ್ರಮೆ.

ಇದರ ಬೇರು ಹಳೆಯದು. ಒಂದು ಪ್ರೊಸೆಸ್‌ಗೆ ಕಾಣುವ ಕಡತ ವ್ಯವಸ್ಥೆಯ ಮೂಲವನ್ನೇ ಬದಲಿಸುವ ಸಿಎಚ್‌ರೂಟ್ 1979ರ ಯೂನಿಕ್ಸ್ ಕಾಲದ್ದು. 2000ದಲ್ಲಿ ಫ್ರೀಬಿಎಸ್‌ಡಿ ಜೈಲ್‌ಗಳು ಬಂದವು. ಲಿನಕ್ಸ್‌ಗೆ ಮೊದಲ ನೇಮ್‌ಸ್ಪೇಸ್ ಬಂದದ್ದು 2002ರಲ್ಲಿ. ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಆರಂಭಿಸಿದ ಕೆಲಸ ಸಿಗ್ರೂಪ್ ಎಂಬ ಹೆಸರಿನಲ್ಲಿ 2008ರ ಜನವರಿಯ 2.6.24 ಕರ್ನಲ್ ಸೇರಿತು. ಅಂದರೆ 2013ರ ಮಾರ್ಚ್‌ನಲ್ಲಿ ಸಾಂಟಾ ಕ್ಲಾರಾದ ಪೈಕಾನ್ ಸಮಾವೇಶದಲ್ಲಿ ಸಾಲೊಮನ್ ಹೈಕ್ಸ್ ಐದು ನಿಮಿಷದ ಚುಟುಕು ಭಾಷಣದಲ್ಲಿ ಡಾಕರ್ ತೋರಿಸುವ ಹೊತ್ತಿಗೆ ಕರ್ನಲ್‌ನೊಳಗಿನ ಸಾಮಗ್ರಿ ಬಹುಪಾಲು ಸಿದ್ಧವಾಗಿತ್ತು.

ಹಾಗಾದರೆ ಡಾಕರ್ ತಂದದ್ದೇನು? ಬರೆದಿಡುವ ರೀತಿಯನ್ನು. ಡಾಕರ್‌ಫೈಲ್ ಎಂಬ ಪುಟ್ಟ ಕಡತದಲ್ಲಿ ಯಾವುದರ ಮೇಲೆ ಯಾವುದನ್ನು ಹಾಕಬೇಕು ಎಂದು ಬರೆದರೆ ಕಂಟೇನರ್ ಹುಟ್ಟುವ ಅಚ್ಚು, ಅಂದರೆ ಇಮೇಜ್, ತಯಾರಾಗುತ್ತದೆ. ಇಮೇಜ್ ಎಂದರೆ ಪದರಗಳ ಸಾಲು. ಒಂದೊಂದು ಪದರಕ್ಕೂ ಅದರ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಹ್ಯಾಶ್ ಎಂಬ ಒಂದು ಗುರುತು ಸಂಖ್ಯೆ. ಒಳಗೆ ಒಂದು ಬೈಟ್ ಬದಲಾದರೂ ಹ್ಯಾಶ್ ಬೇರೆ. ಆರಂಭದಲ್ಲಿ ಹೇಳಿದ ಕಿರಿಕಿರಿಯ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಗುತ್ತದೆ. ಒಳಗೆ ಏನಿದೆ ಎಂದರೆ, ಈ ಹ್ಯಾಶ್ ಹೇಳುವುದೇ ಇದೆ. ಯಾಕೆ ಹಾಗಿದೆ ಎಂಬುದಕ್ಕೆ ಡಾಕರ್‌ಫೈಲಿನ ಬದಲಾವಣೆಗಳ ಇತಿಹಾಸವನ್ನು ನೋಡಬೇಕು, ಅದನ್ನು ಬರೆದವರು ಕಾರಣವನ್ನೂ ಬರೆಯುವ ಪುಣ್ಯಾತ್ಮರಾಗಿದ್ದರೆ.

ಇಮೇಜಿನ ರೂಪ ಒಂದೇ ಕಂಪನಿಯ ಕೈಯಲ್ಲಿ ಉಳಿಯಲಿಲ್ಲ. ಅದರ ಮಾನದಂಡವನ್ನು ನೋಡಿಕೊಳ್ಳಲು 2015ರಲ್ಲಿ ಓಪನ್ ಕಂಟೇನರ್ ಇನಿಷಿಯೇಟಿವ್ ಹುಟ್ಟಿತು. 2022ರಲ್ಲಿ ಬಂದ 1.24ನೇ ಆವೃತ್ತಿಯಲ್ಲಿ ಕುಬರ್ನೆಟೀಸ್ ಡಾಕರ್‌ಗಾಗಿ ಇಟ್ಟಿದ್ದ ವಿಶೇಷ ಕೊಂಡಿಯನ್ನು ಕಿತ್ತುಹಾಕಿದಾಗ ಹಲವರು ಗಾಬರಿಗೊಂಡರು. ಇಮೇಜ್‌ಗಳಿಗೆ ಏನೂ ಆಗಲಿಲ್ಲ, ಕಂಟೇನರ್ ಓಡಿಸುವ ಇನ್ನೊಂದು ತಂತ್ರಾಂಶವಾದ ಕಂಟೇನರ್‌ಡಿ ಅವನ್ನು ಹಾಗೆಯೇ ಓಡಿಸಿತು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಇಮೇಜಿಗೆ ಅಂಟಿಸುವ ಟ್ಯಾಗ್ ಎಂಬ ಹೆಸರುಚೀಟಿ ಮತ್ತು ಅದರ ಹ್ಯಾಶ್ ಒಂದೇ ಅಲ್ಲ. ಟ್ಯಾಗನ್ನು ಇವತ್ತು ಈ ಇಮೇಜಿನಿಂದ ಕಿತ್ತು ನಾಳೆ ಇನ್ನೊಂದಕ್ಕೆ ಅಂಟಿಸಬಹುದು. 'ಲೇಟೆಸ್ಟ್' ಎಂಬ ಟ್ಯಾಗ್ ಅಂತೂ ಸರಿಯಾಗಿ ಇದೇ ಕಾರಣಕ್ಕೆ ಕುಖ್ಯಾತ. ಎರಡು ಯಂತ್ರಗಳು, ಒಂದೇ ಟ್ಯಾಗ್, ಒಳಗೆ ಬೇರೆ ಬೇರೆ ತಂತ್ರಾಂಶ: ಹೀಗಾಗಲು ಯಾರೂ ಕೆಟ್ಟದ್ದು ಮಾಡಬೇಕಿಲ್ಲ, ಒಂದು ಯಂತ್ರ ಸೋಮವಾರ ಇಮೇಜ್ ಎಳೆದುಕೊಂಡು ಇನ್ನೊಂದು ಗುರುವಾರ ಎಳೆದುಕೊಂಡರೆ ಸಾಕು. ಬರೆದಿಟ್ಟದ್ದಕ್ಕೂ ಇರುವುದಕ್ಕೂ ನಡುವಿನ ಮೊದಲ ಬಿರುಕು ಇದು. ಉತ್ಪಾದನಾ ವ್ಯವಸ್ಥೆಯಲ್ಲಿ ಹ್ಯಾಶ್ ಬರೆಯಿರಿ. ಓದಲು ಅಸಹ್ಯವಾಗಿರುತ್ತದೆ, ಇರಲಿ.

ಗೋಡೆಗಳಿಲ್ಲ ಎಂದೆನಲ್ಲ, ಅದರ ಬೆಲೆ 2019ರ ಫೆಬ್ರವರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಕಂಟೇನರ್‌ಗಳನ್ನು ಹುಟ್ಟುಹಾಕುವ ರನ್‌ಸಿ ಎಂಬ ಸಣ್ಣ ತಂತ್ರಾಂಶದಲ್ಲಿ ಸಿಕ್ಕ ದೋಷವೊಂದು ಕಂಟೇನರ್‌ನ ಒಳಗಿನಿಂದ ಹೊರಗಿನ ರನ್‌ಸಿಯನ್ನೇ ತಿದ್ದಿ ಬರೆಯಲು, ಹಾಗೆ ಇಡೀ ಯಂತ್ರದ ರೂಟ್ ಅಧಿಕಾರ ಹಿಡಿಯಲು ದಾರಿ ಮಾಡಿಕೊಡುತ್ತಿತ್ತು. ಹಂಚಿಕೊಂಡ ಕರ್ನಲ್ ಎಂದರೆ ಹಂಚಿಕೊಂಡ ಅಪಾಯ. ಅಪರಿಚಿತರ ಕೋಡ್ ಓಡಿಸಬೇಕಾದವರು ಅದಕ್ಕಾಗಿಯೇ ಫೈರ್‌ಕ್ರಾಕರ್‌ನಂಥವು ಹುಟ್ಟಿಸುವ, ತಮ್ಮದೇ ಕರ್ನಲ್ ಇರುವ ಪುಟ್ಟ ವರ್ಚುವಲ್ ಯಂತ್ರಗಳನ್ನು ನಡುವೆ ಇಡುತ್ತಾರೆ.

ಹೇಳಿಕೆಯನ್ನು ಕಾಯುವ ಯಂತ್ರ

ಒಂದು ಯಂತ್ರದಲ್ಲಿ ಒಂದು ಕಂಟೇನರ್ ಓಡಿಸಲು ಒಂದು ಆಜ್ಞೆ ಸಾಕು. ನೂರು ಯಂತ್ರಗಳಲ್ಲಿ ಸಾವಿರ ಕಂಟೇನರ್ ಓಡಿಸಲು ಸಾವಿರ ಆಜ್ಞೆ ಕೊಟ್ಟರೆ, ಸಾವಿರದ ಒಂದನೆಯದನ್ನು ಕೊಡುವ ಹೊತ್ತಿಗೆ ಮೊದಲನೆಯದು ಸತ್ತಿರುತ್ತದೆ. ಗೂಗಲ್ ತನ್ನೊಳಗೆ ಬೋರ್ಗ್ ಎಂಬ ವ್ಯವಸ್ಥೆ ಕಟ್ಟಿಕೊಂಡು ವರ್ಷಗಟ್ಟಲೆ ಇದರೊಂದಿಗೆ ಏಗಿತ್ತು. ಆ ಅನುಭವದಿಂದ ಹುಟ್ಟಿದ ಕುಬರ್ನೆಟೀಸ್ 2014ರ ಜೂನ್‌ನಲ್ಲಿ ಪ್ರಕಟವಾಯಿತು, 2015ರ ಜುಲೈನಲ್ಲಿ 1.0 ಆವೃತ್ತಿ ತಲುಪಿತು.

ಅದರ ಒಳಗಿನ ಉಪಾಯ ತೀರಾ ಸರಳ. ನೀರಿನ ತೊಟ್ಟಿಯ ತೇಲುಗುಂಡನ್ನು ನೋಡಿದ್ದೀರಿ. ನೀರು ಯಾಕೆ ಇಳಿಯಿತು, ಯಾರು ಬಳಸಿದರು, ಎಲ್ಲಿ ಸೋರಿತು ಎಂದು ಅದು ಕೇಳುವುದಿಲ್ಲ. ಮಟ್ಟ ಇಳಿದರೆ ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಕುಬರ್ನೆಟೀಸ್‌ಗೆ ನೀವು 'ಮೂರನೆಯ ಪ್ರತಿಯನ್ನು ಶುರು ಮಾಡು' ಎಂದು ಹೇಳುವುದಿಲ್ಲ, 'ಮೂರು ಪ್ರತಿಗಳಿರಬೇಕು' ಎಂದು ಬರೆಯುತ್ತೀರಿ. ಆ ಬರಹ ಎಟ್‌ಸಿಡಿ ಎಂಬ ಡೇಟಾಬೇಸಿನಲ್ಲಿ ಕೂರುತ್ತದೆ. ಕಂಟ್ರೋಲರ್ ಎಂಬ ಸಣ್ಣ ತಂತ್ರಾಂಶ ಬರೆದಿಟ್ಟ ಸಂಖ್ಯೆಯನ್ನೂ ಇರುವ ಸಂಖ್ಯೆಯನ್ನೂ ಹೋಲಿಸಿ, ಕೊರತೆ ಕಂಡರೆ ಹೊಸ ಪಾಡ್ (ಒಟ್ಟಿಗೆ ಓಡುವ ಒಂದೋ ಹೆಚ್ಚೋ ಕಂಟೇನರ್‌ಗಳ ಗುಂಪು) ಬೇಕೆಂದು ಇನ್ನೊಂದು ಬರಹ ಹಾಕುತ್ತದೆ. ಶೆಡ್ಯೂಲರ್ ಆ ಪಾಡ್ ಯಾವ ಯಂತ್ರಕ್ಕೆ ಎಂದು ಅದರ ಮೇಲೆ ಬರೆಯುತ್ತದೆ. ಆ ಯಂತ್ರದಲ್ಲಿರುವ ಕ್ಯೂಬ್‌ಲೆಟ್ ಎಂಬ ಸಹಾಯಕ ತಂತ್ರಾಂಶ ತನ್ನ ಯಂತ್ರದ ಹೆಸರು ನೋಡಿ ಕಂಟೇನರ್ ಹುಟ್ಟಿಸುತ್ತದೆ. ಯಾರೂ ಯಾರಿಗೂ ನೇರ ಆಜ್ಞೆ ಕೊಡುವುದಿಲ್ಲ. ಎಲ್ಲರೂ ಒಂದೇ ಕಡೆ ಬರೆಯುತ್ತಾರೆ, ಒಂದೇ ಕಡೆಯಿಂದ ಓದುತ್ತಾರೆ. ನಡುವೆ ಯಾರಾದರೂ ಸತ್ತು ಎದ್ದರೆ ಓದಿಕೊಂಡು ಮುಂದುವರಿಯುತ್ತಾರೆ.

ಇದನ್ನು ಮೊದಲು ಕೇಳಿದಾಗ ಎಲ್ಲವೂ ತಾನೇ ಸರಿಹೋಗುತ್ತದೆ ಎಂಬ ನಂಬಿಕೆ ಬರುತ್ತದೆ. ಸರಿಹೋಗುತ್ತದೆ, ಆದರೆ ತನ್ನ ವೇಳೆಗೆ. ಒಂದು ಯಂತ್ರ ಇದ್ದಕ್ಕಿದ್ದಂತೆ ನೆಟ್‌ವರ್ಕ್‌ನಿಂದ ಮರೆಯಾದರೆ ಅದರ ಮೇಲಿದ್ದ ಪಾಡ್‌ಗಳನ್ನು ಬೇರೆಡೆ ಎಬ್ಬಿಸುವ ಮೊದಲು ಕುಬರ್ನೆಟೀಸ್ ಸಾಮಾನ್ಯ ಸಂಯೋಜನೆಯಲ್ಲಿ 5 ನಿಮಿಷಕ್ಕೂ ತುಸು ಹೆಚ್ಚು ಕಾಯುತ್ತದೆ. ಯಂತ್ರ ನಿಜಕ್ಕೂ ಸತ್ತಿದೆಯೇ, ಸುದ್ದಿ ತಲುಪುತ್ತಿಲ್ಲವಷ್ಟೇಯೇ ಎಂದು ದೂರದಿಂದ ಹೇಳಲಾಗುವುದಿಲ್ಲ. ಅವಸರಪಟ್ಟರೆ ಬದುಕಿರುವುದನ್ನೇ ಎರಡು ಮಾಡಿಬಿಡಬಹುದು. 5 ನಿಮಿಷ ಹೆಚ್ಚಾಯಿತು ಎನಿಸಿದರೆ ಬದಲಿಸಬಹುದು, ಆದರೆ ಆ ಸಂಖ್ಯೆ ಯಾಕಿದೆ ಎಂದು ತಿಳಿದು ಬದಲಿಸಿ.

ನಿರ್ವಹಣೆಯ ನಿಜವಾದ ಕೆಲಸ ಇಂಥ ಸಂಖ್ಯೆಗಳಲ್ಲಿದೆ. ಪ್ರತಿ ಕಂಟೇನರ್‌ಗೂ ಎಷ್ಟು ಮೆಮೊರಿ, ಎಷ್ಟು ಸಿಪಿಯು ಎಂದು ಎರಡು ಬಗೆಯಲ್ಲಿ ಬರೆಯುತ್ತೇವೆ: ಜಾಗ ಹುಡುಕುವಾಗ ಶೆಡ್ಯೂಲರ್ ನೋಡುವ ಬೇಡಿಕೆ, ಮೀರಬಾರದ ಮಿತಿ. ಮೆಮೊರಿಯ ಮಿತಿ ಮೀರಿದರೆ ಕರ್ನಲ್ ಪ್ರೊಸೆಸನ್ನು ಕೊಂದುಹಾಕುತ್ತದೆ. ನಿರ್ಗಮನ ಸಂಖ್ಯೆ 137 ಕಂಡರೆ ಗಾಬರಿಯಾಗಬೇಡಿ. ಅದು 128ಕ್ಕೆ 9 ಕೂಡಿಸಿದ್ದು, 9 ಎಂದರೆ ಮರುಮಾತಿಲ್ಲದೆ ಕೊಲ್ಲುವ ಸಿಗ್ನಲ್. ಸಿಪಿಯು ಮಿತಿ ಬೇರೆ ಬಗೆಯದು. ಅದು ಕೊಲ್ಲುವುದಿಲ್ಲ, ಕಾಯಿಸುತ್ತದೆ. ಸಾಮಾನ್ಯವಾಗಿ ಪ್ರತಿ 100 ಮಿಲಿಸೆಕೆಂಡಿಗೆ ಇಂತಿಷ್ಟು ಎಂದು ಪಾಲು ಸಿಗುತ್ತದೆ. ಮೊದಲ 20 ಮಿಲಿಸೆಕೆಂಡಿನಲ್ಲೇ ಪಾಲು ಮುಗಿದರೆ ಉಳಿದ 80 ಸುಮ್ಮನೆ ನಿಲ್ಲಬೇಕು. ಸರಾಸರಿ ಬಳಕೆಯ ನಕ್ಷೆಯಲ್ಲಿ ಎಲ್ಲವೂ ತಂಪಾಗಿ ಕಾಣುತ್ತದೆ, ಬಳಕೆದಾರರು ಮಾತ್ರ ಯಾಕೋ ನಿಧಾನ ಎನ್ನುತ್ತಾರೆ. ಈ ಕಾರಣಕ್ಕೆ ಮೆಮೊರಿಗೆ ಮಿತಿ ಹಾಕಿ, ಸಿಪಿಯುವಿಗೆ ಬೇಡಿಕೆ ಮಾತ್ರ ಬರೆದು ಮಿತಿ ಬಿಡುವವರಿದ್ದಾರೆ. ನಾನೂ ಆ ಪಕ್ಷದವನೇ. ಒಪ್ಪದವರಿಗೂ ಒಳ್ಳೆಯ ಕಾರಣಗಳಿವೆ, ಮುಖ್ಯವಾಗಿ ಬೇರೆ ಬೇರೆ ತಂಡಗಳು ಒಂದೇ ಕ್ಲಸ್ಟರಿನಲ್ಲಿ, ಅಂದರೆ ಕುಬರ್ನೆಟೀಸ್ ಒಟ್ಟಾಗಿ ನಡೆಸುವ ಯಂತ್ರಗಳ ಗುಂಪಿನಲ್ಲಿ, ಇರುವಾಗ.

ಇನ್ನು ಆರೋಗ್ಯ ತಪಾಸಣೆಗಳು. ಕುಬರ್ನೆಟೀಸ್ ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತದೆ. ಬದುಕಿದ್ದೀಯಾ? ಕೆಲಸಕ್ಕೆ ಸಿದ್ಧವಿದ್ದೀಯಾ? ಮೊದಲನೆಯದಕ್ಕೆ ಇಲ್ಲ ಎಂದರೆ ಕಂಟೇನರನ್ನು ಕೊಂದು ಮತ್ತೆ ಶುರು ಮಾಡುತ್ತದೆ. ಎರಡನೆಯದಕ್ಕೆ ಇಲ್ಲ ಎಂದರೆ ಅದಕ್ಕೆ ಕೋರಿಕೆಗಳನ್ನು ಕಳಿಸುವುದನ್ನು ನಿಲ್ಲಿಸುತ್ತದೆ, ಕೊಲ್ಲುವುದಿಲ್ಲ. ಈ ಎರಡನ್ನು ಗುಲಗಂಜಿಯಷ್ಟೂ ಬೆರೆಸಬಾರದು. ಒಬ್ಬರು ಬಹಳ ಮುತುವರ್ಜಿಯಿಂದ ಮೊದಲನೆಯ ತಪಾಸಣೆಯಲ್ಲೇ ಡೇಟಾಬೇಸ್ ಸಂಪರ್ಕವನ್ನೂ ಪರೀಕ್ಷಿಸುತ್ತಾರೆ ಎಂದುಕೊಳ್ಳಿ. ಡೇಟಾಬೇಸ್ ಒಂದು ನಿಮಿಷ ನಿಧಾನವಾಗುತ್ತದೆ. ಎಲ್ಲ ಪ್ರತಿಗಳೂ ಒಟ್ಟಿಗೇ 'ಬದುಕಿಲ್ಲ' ಎನ್ನುತ್ತವೆ. ಕುಬರ್ನೆಟೀಸ್ ಎಲ್ಲವನ್ನೂ ಕೊಂದು ಎಬ್ಬಿಸುತ್ತದೆ. ಎದ್ದವುಗಳೆಲ್ಲ ಒಮ್ಮೆಗೇ ಹೊಸ ಸಂಪರ್ಕ ಬೇಡಿ ಡೇಟಾಬೇಸಿನ ಮೇಲೆ ಮುಗಿಬೀಳುತ್ತವೆ, ಅದು ಇನ್ನೂ ನಿಧಾನವಾಗುತ್ತದೆ, ಮತ್ತೆ ಎಲ್ಲ ಸಾಯುತ್ತವೆ. ಪದೇ ಪದೇ ಸಾಯುವುದನ್ನು ಮತ್ತೆ ಎಬ್ಬಿಸುವ ಮುನ್ನ ಕ್ಯೂಬ್‌ಲೆಟ್ 10 ಸೆಕೆಂಡ್, 20 ಸೆಕೆಂಡ್, 40 ಸೆಕೆಂಡ್ ಎಂದು ದುಪ್ಪಟ್ಟು ಮಾಡುತ್ತ 5 ನಿಮಿಷದವರೆಗೆ ಹೋಗುತ್ತದೆ. ಹಾಗಾಗಿ ಡೇಟಾಬೇಸ್ ಚೇತರಿಸಿಕೊಂಡ ಮೇಲೂ ನಿಮ್ಮ ಸೇವೆ ಬಿದ್ದೇ ಇರುತ್ತದೆ. ಒಂದು ನಿಮಿಷದ ನೆಗಡಿ ಅರ್ಧ ಗಂಟೆಯ ಜ್ವರವಾಗುವುದು ಹೀಗೆ. ಇಲ್ಲಿ ಯಂತ್ರ ತಪ್ಪಲಿಲ್ಲ, ಬರೆದಿಟ್ಟದ್ದನ್ನು ಅಕ್ಷರಶಃ ಪಾಲಿಸಿತು.

ಸಾಯುವ ವಿಧಾನಕ್ಕೂ ಒಂದು ಶಿಸ್ತಿದೆ. ಪಾಡ್ ತೆಗೆಯುವಾಗ ಮೊದಲು ಸಿಗ್‌ಟರ್ಮ್ ಎಂಬ ಸೌಮ್ಯ ಸೂಚನೆ, 30 ಸೆಕೆಂಡಿನೊಳಗೆ ಮುಗಿಸದಿದ್ದರೆ ಬಲವಂತದ ಅಂತ್ಯ. ಡಾಕರ್‌ಫೈಲಿನಲ್ಲಿ ನಿಮ್ಮ ಆ್ಯಪ್ ಅನ್ನು ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ) ಮೂಲಕ ಶುರು ಮಾಡಿದ್ದರೆ ಸಂಖ್ಯೆ 1 ಆಗಿ ಕೂರುವುದು ಶೆಲ್. ಅದು ಆ ಸೂಚನೆಯನ್ನು ಒಳಗೆ ದಾಟಿಸದೆ ಇರಬಹುದು. ಪ್ರತಿ ಬಿಡುಗಡೆಯೂ ಸರಿಯಾಗಿ 30 ಸೆಕೆಂಡ್ ತಡವಾಗುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಮೂಲಸೌಕರ್ಯವನ್ನು ಬರೆಯುವುದು

ಕಂಟೇನರ್‌ಗಳ ಕೆಳಗೆ ಯಂತ್ರಗಳು, ನೆಟ್‌ವರ್ಕ್, ಡಿಸ್ಕ್, ಅನುಮತಿಗಳು ಇರುತ್ತವೆ. ಇವನ್ನೂ ಬರೆದಿಡಬಹುದು ಎಂಬ ಯೋಚನೆ ಕ್ಲೌಡ್‌ಗಿಂತ ಹಳೆಯದು. 1993ರಲ್ಲಿ ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ಬರೆದಾಗಲೇ ಅದರ ತಿರುಳು ಇತ್ತು: ಹಂತಗಳನ್ನು ಹೇಳಬೇಡ, ತಲುಪಬೇಕಾದ ಸ್ಥಿತಿಯನ್ನು ಹೇಳು, ಎಷ್ಟು ಸಲ ಓಡಿಸಿದರೂ ಅದೇ ಸ್ಥಿತಿಗೆ ಬರಲಿ. 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಆನ್ಸಿಬಲ್ ಅದೇ ದಾರಿಯಲ್ಲಿ ಬಂದವು. 2006ರಲ್ಲಿ ಅಮೆಜಾನ್ ಕಡತ ಸಂಗ್ರಹದ ಎಸ್3 ಮತ್ತು ಬಾಡಿಗೆ ಯಂತ್ರಗಳ ಇಸಿ2 ಸೇವೆಗಳನ್ನು ತೆರೆದ ಮೇಲೆ ಯಂತ್ರವನ್ನೇ ಒಂದು ಎಪಿಐ ಕರೆಯಿಂದ, ಅಂದರೆ ತಂತ್ರಾಂಶ ಕಳಿಸುವ ಒಂದು ಕೋರಿಕೆಯಿಂದ, ಹುಟ್ಟಿಸುವಂತಾಯಿತು. 2011ರ ಕ್ಲೌಡ್‌ಫಾರ್ಮೇಶನ್, 2014ರ ಟೆರಾಫಾರ್ಮ್ ಅದರ ಫಲ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಟೆರಾಫಾರ್ಮ್‌ನ ಪರವಾನಗಿ ಬದಲಿಸಿದಾಗ ಅಸಮಾಧಾನಗೊಂಡವರು ಓಪನ್‌ಟೋಫು ಎಂಬ ಕವಲು ತೆಗೆದರು. ಇಲ್ಲಿ ಹೇಳುವುದೆಲ್ಲ ಎರಡಕ್ಕೂ ಸಲ್ಲುತ್ತದೆ.

ಟೆರಾಫಾರ್ಮ್‌ನಲ್ಲಿ ಮೂರು ಸಂಗತಿಗಳು ಎದುರುಬದುರಾಗುತ್ತವೆ: ನೀವು ಬರೆದ ಕೋಡ್, ಕ್ಲೌಡ್‌ನಲ್ಲಿ ನಿಜವಾಗಿ ಇರುವುದು, ಕಳೆದ ಸಲ ಏನಿತ್ತು ಎಂದು ಅದು ನೆನಪಿಟ್ಟುಕೊಂಡ ಸ್ಟೇಟ್ ಕಡತ. ಹೊಸಬರು ಕೋಡ್ ಮೇಲೆ ಕಣ್ಣಿಡುತ್ತಾರೆ. ಪೆಟ್ಟು ತಿಂದವರು ಸ್ಟೇಟ್ ಕಡತದ ಮೇಲೆ ಕಣ್ಣಿಡುತ್ತಾರೆ. ಅದು ಕಳೆದುಹೋದರೆ ಟೆರಾಫಾರ್ಮ್‌ಗೆ ನಿಮ್ಮ ಇಡೀ ಮೂಲಸೌಕರ್ಯ ಅಪರಿಚಿತ. ಇಬ್ಬರು ಒಂದೇ ಹೊತ್ತಿಗೆ ಅದಕ್ಕೆ ಬರೆದರೆ ಕಲಸುಮೇಲೋಗರ. ಎಷ್ಟೋ ಪಾಸ್‌ವರ್ಡ್‌ಗಳು ಅದರಲ್ಲಿ ಬರಿಗಣ್ಣಿಗೆ ಓದುವಂತೆ ಬಿದ್ದಿರುತ್ತವೆ. ಅದನ್ನು ಲ್ಯಾಪ್‌ಟಾಪ್‌ನಲ್ಲಿ ಇಡಬೇಡಿ, ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ಗೆ ಹಾಕಲೇಬೇಡಿ. ಬೀಗ ಹಾಕಬಲ್ಲ, ಹಳೆಯ ಆವೃತ್ತಿಗಳನ್ನು ಉಳಿಸಬಲ್ಲ ದೂರದ ಸಂಗ್ರಹದಲ್ಲಿಡಿ. ಅಂದಹಾಗೆ, ಕುಬರ್ನೆಟೀಸ್‌ನ ಸೀಕ್ರೆಟ್‌ಗಳೂ ಹೆಸರಿಗೆ ಮಾತ್ರ ಗುಟ್ಟು. ಎಟ್‌ಸಿಡಿಯಲ್ಲಿ ಗೂಢಲಿಪೀಕರಣವನ್ನು ನೀವಾಗಿ ಚಾಲೂ ಮಾಡದಿದ್ದರೆ ಅವು ಅಲ್ಲಿ ಬರಿಯ ಪಠ್ಯವಾಗಿಯೇ ಇರುತ್ತವೆ, ಅಲ್ಲಿಗೆ ತಲುಪಿದವರು ಯಾರು ಬೇಕಾದರೂ ಓದಬಹುದು.

ಏನು ಮಾಡಲಿದ್ದೇನೆ ಎಂದು ಟೆರಾಫಾರ್ಮ್ ಮೊದಲೇ ತೋರಿಸುವ ಪ್ಲ್ಯಾನ್ ಇಡೀ ವ್ಯವಸ್ಥೆಯ ಅತ್ಯಂತ ಅಮೂಲ್ಯ ಭಾಗ. ಅತ್ಯಂತ ಕಡಿಮೆ ಓದಲ್ಪಡುವ ಭಾಗವೂ ಅದೇ. ಕೋಡ್‌ನಲ್ಲಿ ಒಂದು ಡೇಟಾಬೇಸಿನ ಹೆಸರನ್ನು ಚಂದ ಮಾಡೋಣ ಎಂದು ಬದಲಿಸುತ್ತೀರಿ. ನಿಮ್ಮ ದೃಷ್ಟಿಯಲ್ಲಿ ಅದು ಅದೇ ಡೇಟಾಬೇಸ್. ಟೆರಾಫಾರ್ಮ್ ದೃಷ್ಟಿಯಲ್ಲಿ ಹಳೆಯದೊಂದು ಕಾಣೆಯಾಗಿದೆ, ಹೊಸದೊಂದು ಬೇಕಾಗಿದೆ. ಆದ್ದರಿಂದ ಹಳೆಯದನ್ನು ಅಳಿಸಿ ಹೊಸದನ್ನು ಕಟ್ಟುತ್ತೇನೆ ಎನ್ನುತ್ತದೆ. ಪ್ಲ್ಯಾನ್ ಅದನ್ನು ಬಚ್ಚಿಡುವುದಿಲ್ಲ. ಆದರೆ ಆ ಸಾಲು ಲೇಬಲ್ ಬದಲಾವಣೆಗಳ ನಾನ್ನೂರು ಸಾಲುಗಳ ನಡುವೆ ಇರುತ್ತದೆ, ಓದಬೇಕಾದವರು ಹನ್ನೆರಡನೆಯ ಸಾಲಿಗೆ ಬಂದು 'ಒಪ್ಪಿಗೆ' ಒತ್ತಿರುತ್ತಾರೆ. ಹೆಸರು ಬದಲಾಗಿದೆ, ವಸ್ತು ಅದೇ ಎಂದು ಹೇಳಲು ಮೂವ್ಡ್ ಎಂಬ ಘೋಷಣೆ ಇದೆ. ಅಳಿಸುವುದನ್ನು ತಡೆಯುವ ಗುರುತನ್ನೂ ಹಾಕಬಹುದು. ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಪ್ಲ್ಯಾನ್ ಚಿಕ್ಕದಾಗಿರುವುದು. ಎಲ್ಲವನ್ನೂ ಒಂದೇ ಸ್ಟೇಟ್‌ನಲ್ಲಿ ತುರುಕದೆ, ನೆಟ್‌ವರ್ಕ್ ಒಂದು ಕಡೆ, ಡೇಟಾಬೇಸ್ ಒಂದು ಕಡೆ, ದಿನಾ ಬದಲಾಗುವ ಸೇವೆಗಳು ಇನ್ನೊಂದು ಕಡೆ ಎಂದು ಒಡೆದಿಡಿ. ಮನುಷ್ಯ ಓದಬಲ್ಲಷ್ಟು ಬದಲಾವಣೆಯನ್ನೇ ಮನುಷ್ಯನ ಮುಂದೆ ಇಡಬೇಕು.

ಇನ್ನೊಂದು ಬಿರುಕು ರಾತ್ರಿ ಹೊತ್ತು ಹುಟ್ಟುತ್ತದೆ. ಸೇವೆ ಬಿದ್ದಿದೆ, ಒಬ್ಬರು ಕ್ಲೌಡ್‌ನ ಜಾಲತಾಣಕ್ಕೆ ಹೋಗಿ ಕೈಯಾರೆ ಒಂದು ಫೈರ್‌ವಾಲ್ ನಿಯಮ ತೆರೆಯುತ್ತಾರೆ. ಸೇವೆ ಎದ್ದಿತು, ಎಲ್ಲರೂ ಮಲಗಿದರು, ಕೋಡ್‌ಗೆ ಬರೆಯುವುದು ನಾಳೆಗೆ. ಮೂರು ವಾರದ ನಂತರ ಸಂಬಂಧವೇ ಇಲ್ಲದ ಬದಲಾವಣೆಗೆಂದು ಟೆರಾಫಾರ್ಮ್ ಓಡಿಸಿದವರು ಆ ನಿಯಮವನ್ನು ಮುಚ್ಚಿಬಿಡುತ್ತಾರೆ, ಏಕೆಂದರೆ ಬರೆದಿಟ್ಟದ್ದರಲ್ಲಿ ಅದು ಇಲ್ಲ. ಗಿಟ್‌ನಲ್ಲಿ ಬರೆದದ್ದನ್ನೇ ಸದಾ ಜಾರಿಯಲ್ಲಿಡುವ ಆರ್ಗೋ ಸಿಡಿ, ಫ್ಲಕ್ಸ್‌ನಂಥ ಗಿಟ್‌ಆಪ್ಸ್ ಸಲಕರಣೆಗಳಲ್ಲಿ ಮೂರು ವಾರ ಬೇಕಿಲ್ಲ. ನೀವು ಕೈಯಾರೆ ಹತ್ತಕ್ಕೆ ಏರಿಸಿದ ಪ್ರತಿಗಳನ್ನು ಅವು ಗಿಟ್‌ನಲ್ಲಿದ್ದ ಮೂರಕ್ಕೆ ನೋಡುನೋಡುತ್ತಿದ್ದಂತೆ ಇಳಿಸಬಲ್ಲವು. ಹೊರೆಗೆ ತಕ್ಕಂತೆ ಪ್ರತಿಗಳನ್ನು ತಾನೇ ಏರಿಳಿಸುವ ಆಟೋಸ್ಕೇಲರ್ ಬಳಸುವವರು ಇದಕ್ಕೇ ಗಿಟ್‌ನಲ್ಲಿರುವ ಕಡತದಿಂದ ಪ್ರತಿಗಳ ಸಂಖ್ಯೆಯ ಸಾಲನ್ನು ತೆಗೆದುಬಿಡಬೇಕು. ಒಂದೇ ಸಂಖ್ಯೆಗೆ ಇಬ್ಬರು ಯಜಮಾನರಾದರೆ ಇಬ್ಬರೂ ಎಳೆದಾಡುತ್ತಾರೆ.

ಬರೆಯದೆ ಉಳಿದದ್ದು

ಇದೆಲ್ಲ ಸೇರಿ ಏನಾಗಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ರೆಡಿಟ್ ಎಂಬ ಚರ್ಚಾ ತಾಣದ್ದು. 2023ರ ಮಾರ್ಚ್ 14ರಂದು ಅದು 314 ನಿಮಿಷ ಬಿದ್ದಿತ್ತು. ಪೈ ದಿನದಂದೇ (ಪೈ ಬೆಲೆ 3.14, ದಿನ ಮಾರ್ಚ್ 14) 314 ನಿಮಿಷ. ಕತೆಯಲ್ಲಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಏನಾಯಿತೆಂದು ಅಲ್ಲಿನ ಎಂಜಿನಿಯರ್‌ಗಳೇ ವಿವರವಾಗಿ, ಮುಚ್ಚುಮರೆಯಿಲ್ಲದೆ ಬರೆದರು.

ಅವರು ಒಂದು ಹಳೆಯ, ದೊಡ್ಡ ಕ್ಲಸ್ಟರನ್ನು ಕುಬರ್ನೆಟೀಸ್ 1.23ರಿಂದ 1.24ಕ್ಕೆ ಏರಿಸುತ್ತಿದ್ದರು. ಬೇರೆ ಕ್ಲಸ್ಟರ್‌ಗಳಲ್ಲಿ ಈ ಕೆಲಸ ಸಲೀಸಾಗಿ ಮುಗಿದಿತ್ತು. ಇಲ್ಲಿ ಏರಿಸಿದ ಕೂಡಲೇ ಇಡೀ ತಾಣ ಬಿದ್ದಿತು. ಕಾರಣ ಹುಡುಕಿ ಸುಸ್ತಾಗಿ ಕೊನೆಗೆ ಬ್ಯಾಕಪ್‌ನಿಂದ ಹಿಂದಿನ ಸ್ಥಿತಿಗೆ ಮರಳಿದರು. ಮೂಲ ಆಮೇಲೆ ಸಿಕ್ಕಿತು: ಒಂದು ಲೇಬಲ್. ಕ್ಲಸ್ಟರಿನ ನಿಯಂತ್ರಣ ಯಂತ್ರಗಳ ಮೇಲೆ 'ಮಾಸ್ಟರ್' ಎಂದಿದ್ದ ಲೇಬಲನ್ನು ಕುಬರ್ನೆಟೀಸ್ ಹಂತಹಂತವಾಗಿ 'ಕಂಟ್ರೋಲ್ ಪ್ಲೇನ್' ಎಂದು ಬದಲಿಸುತ್ತಿತ್ತು, 1.24ರಲ್ಲಿ ಹಳೆಯದನ್ನು ಪೂರ್ತಿ ತೆಗೆಯಿತು. ಆ ಕ್ಲಸ್ಟರಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಕ್ಯಾಲಿಕೋದಲ್ಲಿ, ಮಾರ್ಗಗಳ ಮಾಹಿತಿ ಹಂಚುವ ಯಂತ್ರಗಳನ್ನು ಆರಿಸಲು ಅದೇ ಹಳೆಯ ಲೇಬಲ್ ಬರೆದಿತ್ತು. ಲೇಬಲ್ ಹೋಯಿತು, ಆಯ್ಕೆಗೆ ಒಂದೂ ಯಂತ್ರ ಸಿಗಲಿಲ್ಲ, ಮಾರ್ಗಗಳ ಮಾಹಿತಿ ನಿಂತಿತು.

ಆ ಸಂಯೋಜನೆಯನ್ನು ಮಾಡಿದ್ದು ವರ್ಷಗಳ ಹಿಂದಿನ ತಂಡ. ತಿಳಿದವರೆಲ್ಲ ಬೇರೆ ಕೆಲಸಗಳಿಗೆ ಹೋಗಿದ್ದರು. ಆ ಭಾಗವನ್ನು ಕೋಡ್‌ನಲ್ಲಿ ಇಡುವುದೂ ಸುಲಭವಿರಲಿಲ್ಲ. ಕ್ಯಾಲಿಕೋದ ಸ್ವಂತ ಸಲಕರಣೆಯಿಂದ ಇಳಿಸಿಕೊಂಡು, ಕೈಯಾರೆ ತಿದ್ದಿ, ಮತ್ತೆ ಏರಿಸಬೇಕಿತ್ತು. ಸಾಕಷ್ಟು ಶಿಸ್ತಿನ ತಂಡ, ಪೂರ್ವಸಿದ್ಧತೆ, ಬ್ಯಾಕಪ್ ಎಲ್ಲ ಇದ್ದೂ ಬರಹದ ಹೊರಗೆ ಉಳಿದ ಒಂದೇ ತುಂಡು ಎಲ್ಲವನ್ನೂ ಎಳೆದುಕೊಂಡು ಬಿದ್ದಿತು.

ಬರೆದಿಟ್ಟದ್ದರಿಂದಲೂ ಅನಾಹುತವಾಗುತ್ತದೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸೇವೆ ಉತ್ತರ ವರ್ಜೀನಿಯಾ ವಲಯದಲ್ಲಿ ಹಲವು ತಾಸು ನಿಂತಿತು. ಅನುಮೋದಿತ ಕೈಪಿಡಿಯ ಪ್ರಕಾರ ಕೆಲವು ಸರ್ವರ್‌ಗಳನ್ನು ತೆಗೆಯುವ ಆಜ್ಞೆ ಕೊಡುವಾಗ ಒಂದು ಮೌಲ್ಯ ತಪ್ಪಾಗಿ ನಮೂದಾಯಿತು, ಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಒಳಗಿನ ಎರಡು ಉಪವ್ಯವಸ್ಥೆಗಳನ್ನು ಪೂರ್ತಿ ಮರುಚಾಲನೆ ಮಾಡಬೇಕಾಯಿತು, ದೊಡ್ಡ ವಲಯಗಳಲ್ಲಿ ಹಲವು ವರ್ಷಗಳಿಂದ ಯಾರೂ ಅದನ್ನು ಮಾಡಿರಲಿಲ್ಲ. ಸೇವೆಗಳ ಸ್ಥಿತಿ ತೋರಿಸುವ ಫಲಕವೂ ಎಸ್3ರ ಮೇಲೆಯೇ ಅವಲಂಬಿತವಾಗಿದ್ದುದರಿಂದ ಅದನ್ನು ನವೀಕರಿಸಲೂ ಕೆಲ ಹೊತ್ತು ಆಗಲಿಲ್ಲ. ಅಮೆಜಾನ್ ಆಮೇಲೆ ಮಾಡಿದ್ದು ಗಮನಾರ್ಹ. ಆ ಸಲಕರಣೆ ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ತೆಗೆಯದಂತೆ ತಿದ್ದಿದರು. ಬೆರಳು ತಪ್ಪಿದವರ ಮೇಲೆ ಕೂಗಾಡಿದರೆ ಮುಂದಿನ ಬೆರಳು ತಪ್ಪುವುದು ನಿಲ್ಲುವುದಿಲ್ಲ. ವೇಗಕ್ಕೆ ಮಿತಿ, ಇಳಿಯಬಾರದ ತಳ, ಒಮ್ಮೆಗೆ ಒಂದು ವಲಯಕ್ಕೆ ಮಾತ್ರ ಬದಲಾವಣೆ: ಸ್ವಯಂಚಾಲನೆ ಬರೆಯುವವರು ಮೊದಲ ದಿನವೇ ಬರೆಯಬೇಕಾದ್ದು ಇವನ್ನು. ಯಂತ್ರಕ್ಕೆ ಅನುಮಾನ ಬರುವುದಿಲ್ಲ. 'ಇಷ್ಟೊಂದು ಅಳಿಸಬೇಕೇ?' ಎಂದು ಮನುಷ್ಯ ಒಂದು ಕ್ಷಣ ತಡೆಯುವ ಕಡೆ ಅದು ತಡೆಯುವುದಿಲ್ಲ. ಆ ತಡೆಯನ್ನೂ ನಾವೇ ಬರೆದಿಡಬೇಕು.

ಪ್ರಶ್ನೋತ್ತರದಿಂದ

ಮೊದಲ ಪ್ರಶ್ನೆ ನಾನು ನಿರೀಕ್ಷಿಸಿದ್ದೇ. 'ಸರ್, ನಮ್ಮದು ಐದು ಜನರ ತಂಡ, ಮೂರ್ನಾಲ್ಕು ಸೇವೆಗಳಿವೆ. ನಮಗೆ ಕುಬರ್ನೆಟೀಸ್ ಬೇಕೇ?'

ಬಹುಶಃ ಬೇಡ. ಕುಬರ್ನೆಟೀಸ್ ಅನ್ನು ಸ್ಥಾಪಿಸುವ ದಿನದ ಖರ್ಚು ದೊಡ್ಡದಲ್ಲ, ಅದರ ಜೊತೆ ಬಾಳುವ ಖರ್ಚು ದೊಡ್ಡದು. ವರ್ಷಕ್ಕೆ ಮೂರು ಹೊಸ ಆವೃತ್ತಿ ಬರುತ್ತವೆ, ಪ್ರತಿಯೊಂದಕ್ಕೂ ಸುಮಾರು 14 ತಿಂಗಳ ಬೆಂಬಲ. ಅಂದರೆ ನಿಮಗೆ ಬೇಕಿರಲಿ ಬೇಡವಾಗಿರಲಿ ವರ್ಷಕ್ಕೊಮ್ಮೆಯಾದರೂ ಏರಿಸಲೇಬೇಕು, ಏರಿಸುವಾಗ ಏನಾಗಬಹುದೆಂದು ಈಗಷ್ಟೇ ನೋಡಿದೆವು. ಕ್ಲೌಡ್ ಕಂಪನಿಗಳು ನಿರ್ವಹಿಸಿ ಕೊಡುವ ಕುಬರ್ನೆಟೀಸ್ ಈ ಹೊರೆಯಲ್ಲಿ ಒಂದು ಪಾಲನ್ನು ಹೊರುತ್ತದೆ, ಪೂರ್ತಿ ಅಲ್ಲ. ಎರಡು ವರ್ಚುವಲ್ ಯಂತ್ರ, ಮುಂದೆ ಕೋರಿಕೆಗಳನ್ನು ಹಂಚುವ ಒಂದು ಲೋಡ್ ಬ್ಯಾಲೆನ್ಸರ್, ಯಾವ ಕಂಟೇನರ್‌ಗಳು ಓಡಬೇಕೆಂದು ಬರೆದ ಒಂದು ಡಾಕರ್ ಕಂಪೋಸ್ ಕಡತ ಸಾಕಾಗುವ ಕಡೆ ಅಷ್ಟೇ ಇರಲಿ. ಆದರೆ ಆ ಎರಡು ಯಂತ್ರಗಳನ್ನು ಕೋಡ್‌ನಿಂದಲೇ ಹುಟ್ಟಿಸಿ, ಆಗಾಗ ಒಂದನ್ನು ಬೇಕೆಂದೇ ಅಳಿಸಿ, ಮತ್ತೆ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.

ಎರಡನೆಯದು ಹಿಂದಿನ ಸಾಲಿನಲ್ಲಿದ್ದ ಒಬ್ಬ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಕೇಳಿದ್ದು. 'ನೀವು ಹೇಳುವುದೆಲ್ಲ ಹೊಸದಾಗಿ ಕಟ್ಟುವವರಿಗೆ. ನನ್ನ ಬಳಿ ಇರುವುದು ವರ್ಷಗಟ್ಟಲೆ ಕೈಯಾರೆ ಕಟ್ಟಿದ ವ್ಯವಸ್ಥೆ. ಒಂದು ಸಾಲೂ ಬರೆದಿಲ್ಲ. ಎಲ್ಲಿಂದ ಶುರು ಮಾಡಲಿ?'

ತಾಣಗಳ ಹೆಸರನ್ನು ಯಂತ್ರಗಳ ವಿಳಾಸಕ್ಕೆ ಹೊಂದಿಸುವ ಡಿಎನ್‌ಎಸ್‌ನಿಂದ ಶುರು ಮಾಡಿ ಎಂದೆ. ಅದು ಚಿಕ್ಕದು, ಪಠ್ಯದಂತೆ ಓದಬಹುದು, ಅದರಲ್ಲಿರುವ ಅರ್ಧ ದಾಖಲೆಗಳು ಯಾಕಿವೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಈಗಾಗಲೇ ಇರುವ ವಸ್ತುಗಳನ್ನು ಕೋಡ್‌ಗೆ ಎಳೆದುಕೊಳ್ಳುವ ಇಂಪೋರ್ಟ್ ಘೋಷಣೆ 2023ರ ಟೆರಾಫಾರ್ಮ್ 1.5ರಿಂದ ಇದೆ, ಕೋಡ್‌ನ ಕರಡನ್ನೂ ಅದೇ ಬರೆದುಕೊಡುತ್ತದೆ. ಪ್ಲ್ಯಾನ್ ಓಡಿಸಿದಾಗ 'ಬದಲಾವಣೆ ಏನೂ ಇಲ್ಲ' ಎಂದು ಬರುವವರೆಗೆ ಕರಡನ್ನು ತಿದ್ದಿ. ಆಮೇಲೆ ಏನನ್ನೂ ಜಾರಿ ಮಾಡಬೇಡಿ. ಪ್ರತಿ ರಾತ್ರಿ ಪ್ಲ್ಯಾನ್ ಮಾತ್ರ ಓಡಲಿ, ಡೀಟೈಲ್ಡ್ ಎಕ್ಸಿಟ್ ಕೋಡ್ ಎಂಬ ಆಯ್ಕೆಯೊಂದಿಗೆ. ಅದು 0 ಎಂದರೆ ಬರೆದಿಟ್ಟದ್ದೂ ಇರುವುದೂ ಒಂದೇ. 1 ಎಂದರೆ ಪ್ಲ್ಯಾನೇ ಕೆಟ್ಟಿದೆ. 2 ಎಂದರೆ ಯಾರೋ ಏನೋ ಬದಲಿಸಿದ್ದಾರೆ. ಬೆಳಗ್ಗೆ ಹೋಗಿ ಅವರನ್ನು ಹುಡುಕಿ, ಯಾಕೆ ಬೇಕಾಯಿತೆಂದು ಕೇಳಿ, ಆ ಕಾರಣವನ್ನು ಕೋಡ್ ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆಯಿರಿ. ಕೈಯಾರೆ ಬದಲಿಸುವ ಅನುಮತಿಯನ್ನು ಆಗಲೇ ಕಿತ್ತುಕೊಳ್ಳಬೇಡಿ. ಜನ ಕದ್ದುಮುಚ್ಚಿ ಬೇರೆ ದಾರಿ ಹುಡುಕುತ್ತಾರೆ, ನಿಮಗೆ ಕಾಣುವುದೂ ನಿಲ್ಲುತ್ತದೆ. ವಾರಗಟ್ಟಲೆ 0 ಬರತೊಡಗಿದ ಮೇಲೆ ಫೈರ್‌ವಾಲ್ ನಿಯಮಗಳಿಗೆ ಹೋಗಿ, ಆಮೇಲೆ ಬಳಕೆದಾರರ ಅನುಮತಿಗಳಿಗೆ. ಡೇಟಾಬೇಸ್ ಕೊನೆಗೆ, ಅದೂ ಬ್ಯಾಕಪ್‌ನಿಂದ ಒಮ್ಮೆ ಪೂರ್ತಿ ಮರಳಿ ಕಟ್ಟಿ ನೋಡಿದ ಮೇಲೆ.